ಮೂರನೆಯ ಚಿತ್ರ

"ಇಷ್ಟಽ ಏನಮ್ಮಾ?" ಎಂದು ಪರೀಕ್ಷಕಿ ಪದ್ಮಾವತಿ ಕೇಳಿದಳು.

ಮೌಖಿಕ ಪರೀಕ್ಷೆಗೆ ಬಂದಿದ್ದ ದೀಪಾ ಹಲಗೆಯ ಮೇಲೆ ಎರಡು ಚಿತ್ರ ಬರೆದಿದ್ದಳು. ವಿದ್ಯುದಾವೇಶವುಳ್ಳ, ಸ್ಪಿನ್ ಇಲ್ಲದ ಸ್ಕೇಲಾರ್ ಕಣ ಒಂದು ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ನುಂಗಿ ಆಮೇಲೆ ಇನ್ನೊಂದನ್ನು ಬಿಡುವುದು; ಮೊದಲು ಬಿಟ್ಟು ಆಮೇಲೆ ನುಂಗುವುದು. ಎಲೆಕ್ಟ್ರಾನಿಗಾದರೆ ಅಷ್ಟು ಸಾಕು. ಸ್ಕೇಲಾರ್ ಕಣಕ್ಕೆ, ಎರಡೂ ಫೋಟಾನುಗಳು ಒಂದೇ ಬಿಂದುವಿನಲ್ಲಿ ಕೂಡುವ ಮೂರನೆಯದೂ ಬೇಕು.

"ಎರಡಽ ರೀ ಮೇಡಂ. ಅಪ್ಪಾಜಿ ಹಂಗಽ ಕಲಿಸ್ಯಾರ."

ಅಪ್ಪಾಜಿ, ಅಂದರೆ ಭೌತಶಾಸ್ತ್ರದ ನಿವೃತ್ತ ಅಧ್ಯಾಪಕ ನಿಂಗರಾಜ ಸರ್, ಸಿಂಧನೂರಿನಿಂದ ಲಿಂಗಸುಗೂರಿಗೆ ಮಗಳ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಹಿಂದೆ ಅವರ ತರಗತಿಯಲ್ಲಿ ಪದ್ಮಾವತಿ ಎದ್ದು ನಿಂತು, ಮೂರನೆಯ ಚಿತ್ರ ಬಿಟ್ಟಿದೆ ಎಂದಿದ್ದಳು. "ಅದನ್ನ ನಿಮ್ಮ ಅಂಗಳದಾಗ ರಂಗೋಲಿ ಹಾಕು ಹೋಗು" ಎಂದು ಅವರು ಎಲ್ಲರನ್ನೂ ನಗಿಸಿದ್ದರು. ಅಂದಿನಿಂದ ಅವಳಿಗೆ ಅದೇ ಹೆಸರು. ಮಸ್ಕಿಯಲ್ಲಿ ಬಸ್ಸು ನಿಂತಾಗಲೂ ಹುಡುಗರು, "ಮೂರನೇ ಚಿತ್ರ, ಇಳೀಬೇ, ನಿಮ್ಮೂರು ಬಂತು" ಅನ್ನುತ್ತಿದ್ದರು.

ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಅವರನ್ನು ಕಂಡಾಗಿನಿಂದ ಪದ್ಮಾವತಿಗೆ ಒಂದೇ ಆಸೆ: ಆ ಮನುಷ್ಯ ಈ ಹಲಗೆಯ ಮುಂದೆ ನಿಂತು ತನ್ನ ತಪ್ಪು ನೋಡಬೇಕು.

ಫೋಟಾನಿನ ಧ್ರುವೀಕರಣದ ಜಾಗದಲ್ಲಿ ಅದರ ಸಂವೇಗವನ್ನಿಟ್ಟು ಚಿತ್ರಗಳ ಲೆಕ್ಕ ಕೂಡಿಸಲು ದೀಪಾಗೆ ಹೇಳಿದಳು. ಯಾವ ಚಿತ್ರವೂ ಬಿಟ್ಟುಹೋಗಿಲ್ಲದಿದ್ದರೆ ಸೊನ್ನೆ ಬರಬೇಕು. ದೀಪಾ ಬರೆದು ಅಳಿಸಿ ಮತ್ತೆ ಬರೆದಳು. ಸಮೀಕರಣದಲ್ಲಿ ಒಂದು ಪದ ಉಳಿದೇ ಉಳಿಯಿತು. ಅದನ್ನೇ ನೋಡುತ್ತ ನಿಂತವಳು ಮೆಲ್ಲಗೆ, ಎರಡು ಅಲೆಗೆರೆಗಳು ಒಂದೇ ಚುಕ್ಕೆಗೆ ಬಂದು ಸೇರುವಂತೆ ಎಳೆದಳು. ಅದರ ಪಾಲನ್ನೂ ಕೂಡಿಸಿದಾಗ ಸೊನ್ನೆ ಬಂತು.

"ಅಪ್ಪಾಜಿ ತಪ್ಪು ಕಲಿಸ್ಯಾರ ರೀ" ಅಂದಳು, ದನಿ ತಗ್ಗಿಸಿ.

"ನಿನಗ ಪೂರಾ ಮಾರ್ಕ್ಸ್ ಕೊಡ್ತೀನಿ. ಅಳಿಸಬ್ಯಾಡ. ಅವರನ್ನ ಕರೀತೀನಿ, ನೋಡ್ಲಿ."

ಹೊರಗೆ ಬಂದ ಪದ್ಮಾವತಿಯ ಗುರುತು ನಿಂಗರಾಜ ಸರ್‌ಗೆ ಸಿಗಲಿಲ್ಲ. ಗೋಡೆ ಹಿಡಿದು ಎದ್ದು, ಕೈ ಮುಗಿದು, ಹಿಂದೆಯೇ ನಡೆದು ಬಂದರು. ಪದ್ಮಾವತಿ ಬಾಗಿಲನ್ನು ಪೂರ್ತಿ ತೆರೆದು ಅವರನ್ನು ಮುಂದೆ ಬಿಟ್ಟಳು.

ಹಲಗೆ ಖಾಲಿ ಇತ್ತು. ಡಸ್ಟರ್ ಮೇಜಿನ ಮೇಲೆ ಇದ್ದಲ್ಲೇ ಇತ್ತು. ದೀಪಾ ಇಬ್ಬರ ಕಡೆಗೂ ನೋಡದೆ ಕಿಟಕಿಯ ಪಕ್ಕ ನಿಂತಿದ್ದಳು.

"ಏನರ ತಪ್ಪು ಮಾಡಿದ್ಳೇನ್ರಿ ಮೇಡಂ?"

ಪದ್ಮಾವತಿ ಸೀಮೆಸುಣ್ಣ ಎತ್ತಿಕೊಂಡು ಹಲಗೆಗೆ ತುದಿ ಊರಿದಳು. ಆಮೇಲೆ, "ಅಕೀದೇನೂ ತಪ್ಪಿಲ್ಲ ಸರ್" ಅಂದಳು.

ಅವರ ಮುಖ ಅರಳಿತು. ಮಗಳ ದುಪಟ್ಟಾ ತುಂಬ ಮೆತ್ತಿದ್ದ ಬಿಳಿ ಪುಡಿ ಕಂಡು, ಅದೇನು ಎಂದು ಕೇಳದೆ, ತಟ್ಟಿ ತಟ್ಟಿ ಉದುರಿಸತೊಡಗಿದರು.