ಹರಿಹರದ ತಿಪ್ಪೆಯೂ ಕೊಟ್ರವ್ವನ ಸಂಶಯವೂ

ಇದನ್ನು ನನಗೆ ಹೇಳಿದವರು ನಿಟ್ಟುವಳ್ಳಿಯ ಕೆಂಚವ್ವ. ಅವರು ಕೊಟ್ರವ್ವನ ಪಕ್ಕದ ಮನೆಯವರು. ಹರಿಹರದ ಹೊಳೆಯ ದಂಡೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು. ಒಂದು ಸಂಗತಿಯನ್ನು ಮಾತ್ರ ಹರಿಹರದವರು ಬೇರೆಯಾಗಿ ಹೇಳುತ್ತಾರೆ. ಅದನ್ನು ಅದರ ಜಾಗದಲ್ಲಿಯೇ ತಿಳಿಸಿದ್ದೇನೆ.

ಆ ಕಡೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಎತ್ತುಗಳಿಗೆ ಬಿಡುವು. ಅವುಗಳ ಬಿಡುವಿನಿಂದ ಮನುಷ್ಯರಿಗೂ ಒಂದಿಷ್ಟು ಬಿಡುವು. ಕೊಟ್ರವ್ವ ಆ ಬಿಡುವನ್ನು ದಾವಣಗೆರೆಯ ಟೆಂಟ್ ಸಿನಿಮಾಕ್ಕೆ ಮೀಸಲಿಟ್ಟಿದ್ದಳು. ಸಂಜೆಯ ಮೊದಲ ಆಟಕ್ಕೆ ಕೆಂಚವ್ವನನ್ನೂ ಮಗಳು ಮರಿಯವ್ವನನ್ನೂ ಕರೆದುಕೊಂಡು ಹೋಗಿ, ಹೆಂಗಸರ ಕಡೆಯ ನೆಲದಲ್ಲಿ ಮರಳನ್ನು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂಡುವಳು. ಮಂಗಳವಾರ ಬೆಳಿಗ್ಗೆ ಕಟ್ಟೆಯ ಮೇಲೆ ಚಿತ್ರದ ವಿಚಾರಣೆ ನಡೆಯುತ್ತಿತ್ತು. ಕನ್ನಡದ್ದಿರಲಿ, ತಮಿಳಿನದಿರಲಿ, ಹಿಂದಿಯದಿರಲಿ, ಅವಳ ಅಭಿಪ್ರಾಯಕ್ಕೆ ಭಾಷೆ ಅಡ್ಡಿಯಾಗಲಿಲ್ಲ. ಮಾತು ತಿಳಿಯದ ಚಿತ್ರಗಳ ವಿಷಯದಲ್ಲಿ ಅವಳ ತೀರ್ಪು ಇನ್ನೂ ಖಚಿತವಾಗಿರುತ್ತಿತ್ತಂತೆ.

ಆ ವರ್ಷಗಳಲ್ಲಿ ಒಂದೇ ಬಗೆಯ ಕಥೆ ಮತ್ತೆ ಮತ್ತೆ ಬರುತ್ತಿತ್ತು. ರಜೆಗೆಂದು ಒಬ್ಬ ಕಾಲೇಜಿನ ಹುಡುಗ ಬೆಟ್ಟದ ಊರಿಗೆ ಹೋಗುತ್ತಾನೆ. ರಜೆಗೆಂದೇ ಅಲ್ಲಿಗೆ ಬಂದ ಹುಡುಗಿಯೊಬ್ಬಳ ಸೈಕಲ್ಲಿಗೆ ಡಿಕ್ಕಿ ಹೊಡೆಯುತ್ತಾನೆ. ಕೆರೆಯಲ್ಲಿ ದೋಣಿ, ದೋಣಿಯಲ್ಲಿ ಹಾಡು, ರಜೆ ಮುಗಿಯುವ ಹೊತ್ತಿಗೆ ಕಣ್ಣೀರು, ಕೊನೆಗೆ ಮದುವೆ. ಕೊಟ್ರವ್ವನಿಗೆ ಇದರಲ್ಲಿ ನಂಬಿಕೆ ಕುದುರಲಿಲ್ಲ.

"ಇವನು ಇಲ್ಲಿ ಬಂದು ಹಾಡ್ತಾ ಕೂತ್ರೆ ಮನ್ಯಾಗೆ ದನಕ್ಕೆ ನೀರು ತೋರ್ಸೋರು ಯಾರು?" ಎನ್ನುತ್ತಿದ್ದಳು. "ಮೂರು ತಾಸು ನೋಡ್ದೆ ಕೆಂಚಕ್ಕ, ಒಂದು ಸಲನಾದ್ರೂ ಅವನ ಕೈಯಾಗೆ ಒಂದು ಕೆಲಸ ಕಂಡ್ಯಾ?"

"ಅವನು ಸಾಹುಕಾರನ ಮಗ ಅವ್ವ," ಎಂದು ಮರಿಯವ್ವ ನಾಯಕನ ಪರವಾಗಿ ನಿಲ್ಲುವಳು.

"ಯಾವ ಸಾಹುಕಾರ? ಅವರಪ್ಪನ ಮನೆ ಮೆಟ್ಟಿಲು ನೋಡ್ಲಿಲ್ಲೇನು? ಎರಡೂ ಕಡೆ ಸಿಂಹದ ಮಖ. ಹಿಂದಿನ ತಿಂಗಳ ಪಿಚ್ಚರ್‌ನಾಗೆ ಅದೇ ಮೆಟ್ಟಿಲು ಆಸ್ಪತ್ರ್ಯಾಗೆ ಇತ್ತು. ಬೆಟ್ಟ ನೋಡಿದ್ರೆ ಗಾಳಿಗೆ ಪಟಪಟ ಅಂತೈತೆ. ಅದು ಬಟ್ಟೆ ಮ್ಯಾಲೆ ಬರ್ದಿದ್ದು ಕಣೇ. ಮುಂದೆ ಮನೆ, ಹಿಂದೆ ಬಿದಿರಿನ ಗಳ. ನನಗೇನು ಕಣ್ಣಿಲ್ವಾ?"

ಹೀಗೆ ನೋಡುತ್ತಾ ನೋಡುತ್ತಾ ಎಲ್ಲ ಮನೆಗಳ ಹಿಂದೆಯೂ ಬಿದಿರಿನ ಗಳ ಇರುತ್ತದೆಂದು ಅವಳಿಗೆ ಅನ್ನಿಸತೊಡಗಿತು. ಮರಿಯವ್ವನಿಗೆ ಬಂದ ಎರಡು ಸಂಬಂಧಗಳನ್ನು ಅವಳು ಈ ಸಂಶಯದಿಂದಲೇ ಕಳೆದಿದ್ದಳು. ಮೊದಲನೆಯ ಹುಡುಗ ಕ್ರಾಪು ಬಿಟ್ಟ ರೀತಿ ಖಳನಾಯಕನ ಗೆಳೆಯನಂತಿತ್ತು. ಎರಡನೆಯವನು ಕೇಳಿದ್ದಕ್ಕೆಲ್ಲ ನಕ್ಕ. ಅಷ್ಟು ನಗುವವನು ಏನನ್ನೋ ಮುಚ್ಚಿಡುತ್ತಿರಬೇಕೆಂದು ಬೇಡವೆಂದಳು. ಊರಲ್ಲಿ ಮಾತು ಹುಟ್ಟಿತು. ಆಕೆಯ ಗಂಡ ಮಾಳಿಂಗಪ್ಪ ಮೆತ್ತಗಿನ ಮನುಷ್ಯ. ಅವನೂ ಒಂದು ದಿನ, "ಮೂರನೇದು ಬಂದ್ರೆ ಅದೇ ಕಡೇದು ಅಂತ ತಿಳ್ಕೋ. ಆಮ್ಯಾಲೆ ಈ ಮನಿ ಕಡೆ ಯಾರೂ ತಲೆ ಹಾಕಲ್ಲ," ಎಂದ.

ಮೂರನೆಯದು ಹರಿಹರದಿಂದ ಬಂತು. ಹನುಮಂತಪ್ಪನವರ ಮಗ, ಹೆಸರು ಕುಬೇರಪ್ಪ. ಹುಡುಗ ನಿಟ್ಟುವಳ್ಳಿಗೆ ಬಂದು ಹೆಣ್ಣು ನೋಡಿಹೋದ. ಅವನು ಇದ್ದಷ್ಟು ಹೊತ್ತು ನೆಲ ನೋಡುತ್ತಿದ್ದ. ಎದ್ದು ಹೊರಡುವಾಗ ಬಾಗಿಲ ಹಿಂದಿದ್ದ ಮರಿಯವ್ವನ ಕಡೆ ಒಮ್ಮೆ ತಲೆ ಎತ್ತಿದ. ಮರಿಯವ್ವನಿಗೆ ಅಷ್ಟೇ ಸಾಕಾಯಿತು.

ಶಿವರಾತ್ರಿ ಕಳೆದ ಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಹೋದರು. ಮನೆ ನೋಡುವುದೆಂದರೆ ಪಡಸಾಲೆಯಲ್ಲಿ ಕೂತು ಬರುವುದಲ್ಲ. ಹಿತ್ತಲಿಗೆ ಹೋಗಿ ತಿಪ್ಪೆ ನೋಡಬೇಕು. ಹೊಲಕ್ಕೆ ಗೊಬ್ಬರ ಸಾಗಿಸುವ ಮುಂಚಿನ ದಿನಗಳಲ್ಲಿ ತಿಪ್ಪೆಯ ಎತ್ತರ ನೋಡಿದರೆ ಕೊಟ್ಟಿಗೆಯಲ್ಲಿ ಎಷ್ಟು ದನ, ಹೊಲದಲ್ಲಿ ಎಂಥ ಬೆಳೆ ಎಂಬುದನ್ನು ಅಂದಾಜು ಮಾಡಬಹುದು. ಗಂಡಸರು ಪಡಸಾಲೆಯಲ್ಲಿ ಮಂಡಕ್ಕಿ ತಿನ್ನುತ್ತಿರುವಾಗ ಕೊಟ್ರವ್ವ ಸೀದಾ ಹಿತ್ತಲಿಗೆ ನಡೆದಳು. ತಿಪ್ಪೆ ಆಳೆತ್ತರ ಇತ್ತು. ಆದರೆ ಕೊಟ್ಟಿಗೆಯಲ್ಲಿ ಒಂದೇ ಜೊತೆ ಎತ್ತು, ಒಂದು ಎಮ್ಮೆ.

ಅವಳು ಒಂದು ಕೋಲು ತೆಗೆದುಕೊಂಡು ತಿಪ್ಪೆಯನ್ನು ಕೆದಕಿದಳು. ಮನೆಯ ತಿಪ್ಪೆಯಲ್ಲಿ ಒಲೆಯ ಬೂದಿ ಇರಬೇಕು, ದನ ತಿಂದುಳಿದ ಸೊಪ್ಪೆ ಇರಬೇಕು. ತಳದಲ್ಲಿ ಅವೆಲ್ಲ ಇದ್ದವು. ಮೇಲಿನ ಅರ್ಧ ಬರಿಯ ಸಗಣಿ. ಅದರೊಳಗೆ ಸಣ್ಣ ಮರಳು.

"ಹುಡುಗ ಬಿಡುವಿದ್ದಾಗ ಏನು ಮಾಡ್ತಾನ್ರಿ?" ಎಂದು ಹುಡುಗನ ತಾಯಿ ದುರುಗವ್ವನನ್ನು ಕೇಳಿದಳು.

"ಏನಿಲ್ರಿ... ಸೋಮವಾರ ಮಾತ್ರ ಹೊಳೆ ಕಡೆ ಹೋಗ್ತಾನೆ," ಎಂದಳು ದುರುಗವ್ವ. ಅಂದದ್ದಕ್ಕೆ ತಾನೇ ಬೆಚ್ಚಿದವಳಂತೆ ಸೆರಗು ಎಳೆದುಕೊಂಡು ಒಳಗೆ ಹೋದಳು.

ಆ ಸಂಜೆ ನಿಟ್ಟುವಳ್ಳಿಯಲ್ಲಿ ಕೊಟ್ರವ್ವ ತೀರ್ಪು ಕೊಟ್ಟಳು. "ತಿಪ್ಪೆ ಅವರ್ದಲ್ಲ. ಯಾರದೋ ತಂದು ಒಟ್ಟಿದಾರೆ. ಇನ್ನ ಹುಡುಗ, ಸೋಮವಾರ ಹೊಳಿಗೆ ಹೋಗ್ತಾನಂತೆ. ಬಿಡುವಿನ ದಿನ ಹೊಳೆ ದಂಡ್ಯಾಗೆ ಗಂಡಸಿಗೆ ಏನು ಕೆಲಸ? ನಾನೇನು ಪಿಚ್ಚರ್ ನೋಡಿಲ್ವಾ?"

ಎರಡು ಸಂಶಯಗಳನ್ನು ಅವಳು ಬೇರೆ ಬೇರೆಯಾಗಿಯೇ ಇಟ್ಟುಕೊಂಡಳು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲಿಲ್ಲ. ಹೊಳೆ ಎಂದೊಡನೆ ಅವಳ ಕಣ್ಣಿಗೆ ದೋಣಿ ಬಂದಿತ್ತು.

ಮರಿಯವ್ವ ಅಂದಿನಿಂದ ಊಟ ಬಿಟ್ಟಳು. "ನಿನ್ನ ಪಿಚ್ಚರ್ ನನ್ನ ಮದುವಿಗೆ ಯಾಕವ್ವ ತರ್ತೀಯ?" ಎಂದಳು. "ಇವನು ನಕ್ಕಿಲ್ಲ, ಕ್ರಾಪು ಬಿಟ್ಟಿಲ್ಲ. ಇವನೂ ಬ್ಯಾಡ ಅಂದ್ರೆ ನನಗೆ ಯಾರೂ ಬ್ಯಾಡ. ಹಿಂಗೇ ಇರ್ತೀನಿ."

ಮಾಳಿಂಗಪ್ಪ ಬಾಯಿ ಬಿಟ್ಟ: "ಮಂಗಳವಾರ ಹೌದು ಇಲ್ಲ ಅಂತ ಹೇಳಿ ಕಳಿಸ್ತೀವಿ ಅಂದೀನಿ. ಸೋಮವಾರ ಸಂಜಿಗೆ ನಿನ್ನ ಮಾತು ಹೇಳು."

ಸೋಮವಾರ ಕೊಟ್ರವ್ವ ಟೆಂಟಿನ ಕಡೆ ಹೋಗಲಿಲ್ಲ. ದೇವರ ದರ್ಶನದ ನೆಪ ಹೇಳಿ, ಕೆಂಚವ್ವನನ್ನು ಎಬ್ಬಿಸಿಕೊಂಡು, ಬೆಳಗಿನ ಬಸ್ಸು ಹಿಡಿದು ಹರಿಹರದಲ್ಲಿ ಇಳಿದಳು. ಗುಡಿಗೆ ಹೊರಗಿನಿಂದಲೇ ಕೈ ಮುಗಿದು, ತುಂಗಭದ್ರೆಯ ದಂಡೆಯಲ್ಲಿ ಒಂದು ಜಾಲಿಮರದ ಹಿಂದೆ ಕೂತಳು.

ಬಿಡುವಿನ ದಿನವಾದ್ದರಿಂದ ಊರಿನ ಎತ್ತುಗಳೆಲ್ಲ ಮೈ ತೊಳೆಸಿಕೊಳ್ಳಲು ಹೊಳೆಗೆ ಬಂದಿದ್ದವು. ಒಂದು ತಾಸು ಕಳೆಯಿತು. ಆಗ ತಲೆಗೆ, ಮುಖಕ್ಕೆ ಟವೆಲು ಸುತ್ತಿಕೊಂಡ ಗಂಡಸೊಬ್ಬ ಬಂದ. ಕಣ್ಣಷ್ಟೇ ಕಾಣುತ್ತಿತ್ತು. ಅವನ ಜೊತೆ ಒಬ್ಬ ಹೆಂಗಸು ಮಾತಾಡುತ್ತಾ ಬಗ್ಗಿದಳು, ಇಬ್ಬರೂ ಕೂಡಿ ಏನನ್ನೋ ಎತ್ತಿದರು, ಹೆಂಗಸು ನಕ್ಕಳು.

"ನೋಡ್ದ್ಯಾ!" ಎಂದು ಕೊಟ್ರವ್ವ ಕೆಂಚವ್ವನ ತೋಳು ಹಿಂಡಿದಳು. "ಅದೇ ನಡಿಗೆ. ಅವನೇ. ಮಖ ಯಾಕೆ ಮುಚ್ಚ್ಯಾನೆ ಹೇಳು?"

"ಮೆಲ್ಲಗೆ ಕೊಟ್ರಿ, ಕೈ ಮುರೀತೈತೆ."

ಹೆಂಗಸು ಈ ಕಡೆ ತಿರುಗಿದಳು. ಅರವತ್ತು ದಾಟಿದವಳು, ಬಾಯಲ್ಲಿ ಹಲ್ಲಿಲ್ಲ. ಬೆರಣಿ ತಟ್ಟಿ ಮಾರುವ ಅಮೀನಾಬೀ. ಗಂಡಸಿನ ತಲೆಯ ಮೇಲೆ ಅವಳು ಎತ್ತಿಟ್ಟದ್ದು ಸಗಣಿಯ ಬುಟ್ಟಿ.

ಕೊಟ್ರವ್ವ ಮರದ ಹಿಂದೆ ಇನ್ನೂ ಸ್ವಲ್ಪ ಹೊತ್ತು ಕೂತಳು. ಅವನು ಹೋದ, ಬರಿಯ ಬುಟ್ಟಿ ಹಿಡಿದು ಬಂದ, ಎತ್ತುಗಳ ಹಿಂದೆ ಬಗ್ಗಿ ಬಗ್ಗಿ ಮತ್ತೆ ತುಂಬತೊಡಗಿದ. ಆಗ ಅವಳು ಎದ್ದು ಸೀದಾ ಅಮೀನಾಬೀಯ ಹತ್ತಿರ ಹೋದಳು.

"ಯಾರವ್ವ ಆ ಹುಡುಗ?"

"ಯಾರಿಗೆ ಗೊತ್ತು ತಾಯಿ? ಹೆಸರು ಹೇಳಲ್ಲ, ಮಖ ತೋರ್ಸಲ್ಲ. ಆದ್ರೆ ಖರೇ ಮನುಷ್ಯ. ಗುಡಿ ಕಡೇದೆಲ್ಲ ನನಗೆ ಬಿಟ್ಟಾನೆ. ಈ ಕಡೇದಷ್ಟೇ ಬಳಿತಾನೆ."

ಹುಡುಗ ದನಿ ಕೇಳಿ ತಲೆ ಎತ್ತಿದ. ಕೊಟ್ರವ್ವನನ್ನು ಕಂಡು ಬುಟ್ಟಿ ಬಿಟ್ಟು ನಿಂತ.

"ಟವೆಲು ತೆಗಿಯಪ್ಪ ಕುಬೇರಪ್ಪ," ಎಂದಳು ಅವಳು. "ನನಗೆ ಗುರುತು ಹತ್ತೈತೆ."

ಅವನು ಟವೆಲು ಬಿಚ್ಚಿದ. "ಅಮ್ಮಾರೆ, ಊರಾಗೆ ಯಾರಿಗೂ ಹೇಳ್ಬ್ಯಾಡ್ರಿ. ಹನುಮಂತಪ್ಪನ ಮಗ ದಾರಿ ಸಗಣಿ ಬಳಿತಾನೆ ಅಂದ್ರೆ ನಮ್ಮಪ್ಪ ತಲೆ ಎತ್ತಿ ಓಡಾಡಂಗಿಲ್ಲ."

"ನಿಮ್ಮ ತಿಪ್ಪ್ಯಾಗೆ ಮರಳು ಎಲ್ಲಿಂದ ಬಂತು ಅಂತ ಈಗ ತಿಳೀತು. ನಮ್ಮ ಕಣ್ಣಿಗೆ ಮಣ್ಣು ಹಾಕಾಕೆ ತಿಪ್ಪೆ ಕಟ್ಟಿದ್ಯಾ?"

"ಹೌದ್ರಿ. ನಮ್ಮವು ಎರಡು ಜೊತೆ ಎತ್ತು ಇದ್ವು. ಒಂದು ಜೊತೆ ರೋಗ ಬಂದು ಹೋತು. ದೀಪಾವಳಿ ಮುಗಿದ ಮ್ಯಾಲೆ ಮಾಯಕೊಂಡದಿಂದ ಹೆಣ್ಣಿನ ಕಡೇರು ಬಂದಿದ್ರು. ಹಿತ್ಲಾಗೆ ತಿಪ್ಪೆ ನೋಡಿದ್ರು, ನೀರು ಸೈತ ಕುಡಿಲಿಲ್ಲ, ಹೊಂಟುಹೋದ್ರು. ನಮ್ಮವ್ವ ಮೂರು ದಿನ ಅತ್ಲು. ಅದಕ್ಕೇ."

"ಎಷ್ಟು ಸೋಮವಾರ ಬಳ್ದೆ?"

"ಹನ್ನೊಂದು."

ಹರಿಹರದಲ್ಲಿ ಇದನ್ನು ಏಳು ಎನ್ನುತ್ತಾರೆ. ತಿಪ್ಪೆಯ ಎತ್ತರ ಕೇಳಿದ ಮೇಲೆ ನನಗೆ ಹನ್ನೊಂದೇ ಸರಿಯೆಂದು ತೋರುತ್ತದೆ.

"ಮನೆ ನೋಡೋದು ಮುಗೀತಲ್ಲ," ಎಂದಳು ಕೊಟ್ರವ್ವ. ಅವಳ ದನಿ ಇನ್ನೂ ಸಡಿಲವಾಗಿರಲಿಲ್ಲ. "ನಾವು ನೋಡಿ ಬಂದ್ವಿ. ಇನ್ನು ಯಾರಿಗೆ ತೋರ್ಸಾಕೆ ಇವತ್ತು ಬಂದೀ?"

ಕುಬೇರಪ್ಪ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದವನಂತೆ ನಿಂತ. "ಯಾರಿಗೂ ಅಲ್ರಿ. ತೋರ್ಸಾಕೆ ಅಂತ ಶುರು ಮಾಡ್ದೆ, ಖರೇ. ಆದ್ರೆ ಗೊಬ್ಬರ ಗೊಬ್ಬರನೇ ಅಲ್ವೇನ್ರಿ? ಮುಂದಿನ ತಿಂಗಳು ಹೊಲಕ್ಕೆ ಹೊಡಿಬೇಕು. ಮೂಡಗಡೆ ಹೊಲ ನಾಕು ವರ್ಷದಿಂದ ಗೊಬ್ಬರ ಕಂಡಿಲ್ಲ."

ಕೊಟ್ರವ್ವ ಅವನ ಕೈಗಳನ್ನು ನೋಡಿದಳು. ಮೊಣಕೈವರೆಗೆ ಸಗಣಿ ಒಣಗಿ ಬಿರಿದಿತ್ತು. ಆಮೇಲೆ ಬುಟ್ಟಿಯೊಳಗೆ ನೋಡಿದಳು. ಕೆಳಗೆ ಬರಿ ಮರಳು ತುಂಬಿ ಮೇಲೆ ಸಗಣಿ ಮೆತ್ತಿದ್ದಾನೋ ಎಂದು ಬೆರಳಿನಿಂದ ತಳದವರೆಗೆ ಚುಚ್ಚಿ ಪರೀಕ್ಷೆ ಮಾಡಿದಳು. ಕೆಂಚವ್ವ, "ಸಾಕು ಮಾಡೇ ಕೊಟ್ರಿ, ಇದೇನು ಬೆಣ್ಣೆ ಮುದ್ದೀನಾ?" ಎಂದರೂ ಬಿಡಲಿಲ್ಲ.

ತುಂಬಿದ ಬುಟ್ಟಿಯನ್ನು ಒಬ್ಬನೇ ತಲೆಗೇರಿಸಲಾಗದು. ಅಮೀನಾಬೀ ಗುಡಿಯ ಕಡೆ ಹೊರಟುಹೋಗಿದ್ದಳು. ಕುಬೇರಪ್ಪ ಟವೆಲನ್ನು ಸುತ್ತಿ ತಲೆಯ ಮೇಲೆ ಸಿಂಬಿ ಮಾಡಿಕೊಂಡು ಬುಟ್ಟಿಯ ಪಕ್ಕ ನಿಂತ. ಮುಖ ಮುಚ್ಚಿಕೊಳ್ಳಲು ಬೇರೆ ಬಟ್ಟೆ ಇರಲಿಲ್ಲ. ಕೊಟ್ರವ್ವ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, "ಹ್ಞೂಂ, ಹಿಡಿ," ಎಂದು ಬಗ್ಗಿ ಎರಡೂ ಕೈಯಿಂದ ಬುಟ್ಟಿ ಎತ್ತಿ ಅವನ ತಲೆಯ ಮೇಲಿಟ್ಟಳು.

ಅವನು ನಡೆದ. ಅವಳೂ ಹಿಂದೆಯೇ ನಡೆದಳು. ಬುಟ್ಟಿ ನಿಜವಾಗಿಯೂ ಅವರ ಹಿತ್ತಲಿಗೇ ಹೋಗುತ್ತದೆಯೋ, ಬೇರೆ ಯಾರದೋ ತಿಪ್ಪೆಗೆ ಕೂಲಿಗೆ ಹೊರುತ್ತಿದ್ದಾನೋ ಎಂಬ ಅನುಮಾನ ಅವಳಿಗೆ ದಾರಿಯುದ್ದಕ್ಕೂ ಇತ್ತೆಂದು ಕೆಂಚವ್ವ ಹೇಳಿದರು. ಹಿತ್ತಲಿನ ಬೇಲಿ ದಾಟಿ ಅವನು ಬುಟ್ಟಿಯನ್ನು ತಿಪ್ಪೆಯ ಮೇಲೆ ಕವುಚಿದ ಮೇಲಷ್ಟೇ ಅವಳು ನಿಂತಳು.

ಹಿಂಬಾಗಿಲಲ್ಲಿ ದುರುಗವ್ವ ಜೋಳ ಕೇರುತ್ತಿದ್ದಳು. ಮಗನ ಬರಿಯ ಮುಖ, ಅವನ ಹಿಂದೆ ನಿಂತ ಕೊಟ್ರವ್ವ, ಆಕೆಯ ಸಗಣಿ ಮೆತ್ತಿದ ಕೈ, ಮೂರನ್ನೂ ನೋಡಿದಳು. ಮೊರ ಕೈಯಿಂದ ಜಾರಿತು.

"ಎದ್ದೇಳ್ರಿ ಬೀಗ್ತಿ," ಎಂದಳು ಕೊಟ್ರವ್ವ, "ಕೈ ತೊಳಿಯಾಕೆ ಒಂದು ಚೊಂಬು ನೀರು ಕೊಡ್ರಿ. ಮಧ್ಯಾಹ್ನದ ಬಸ್ಸಿಗೆ ಊರು ಸೇರ್ಬೇಕು. ಹುಡುಗಿ ಉಪಾಸ ಕೂತಾಳೆ."