ವರಹ ಸಿಕ್ಕಿದ್ದು ಯಾರಿಗೆ?

“ಏಯ್ ಮುಂಡೇ, ಕೈ ತೆಗಿಯೇ! ನಿಮ್ಮಪ್ಪ ಹೂತಿಟ್ಟಿದ್ನೇನೇ?”

ಕಾಳಮ್ಮ ಕೈ ತೆಗೆಯಲಿಲ್ಲ. ಪಾಯದ ಗುಂಡಿಯೊಳಗೆ ಮೊಳಕಾಲೂರಿ, ಹಾರೆ ತಾಗಿ ಬಾಯೊಡೆದ ತಾಮ್ರದ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒಳಗೆ ಹುಣಸೆಬೀಜದಷ್ಟೇ ಗಾತ್ರದ ಚಿನ್ನದ ನಾಣ್ಯಗಳು.

“ನಮ್ಮಪ್ಪನ್ನ ಹೂಣಕ್ಕೇ ಆರಡಿ ಜಾಗ ಸಿಕ್ಲಿಲ್ಲ ಸಾವ್ಕಾರ್ರೇ. ಅವ್ನು ಚಿನ್ನ ಎಲ್ಲಿ ಹೂತಾನು?”

ಮೇಲೆ ಮಣ್ಣಿನ ಬುಟ್ಟಿ ಹೊತ್ತಿದ್ದ ಕರಿಬಸಮ್ಮ ಕಿಸಕ್ಕನೆ ನಕ್ಕಳು. ದುರ್ಗಿಗುಡಿಯ ಹಳೇ ಮನೆ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಲು ಹೊರಟಿದ್ದ ಷಡಕ್ಷರಪ್ಪನವರಿಗೆ ಮಾತ್ರ ನಗು ಬರಲಿಲ್ಲ. ತಂಬಿಗೆ ಅವರ ಕಾರಿನ ಡಿಕ್ಕಿ ಸೇರುವ ಮೊದಲೇ ಬೀದಿಯ ಯಾರೋ ಪುಣ್ಯಾತ್ಮರು ಫೋನು ಮಾಡಿ, ಸರ್ಕಾರಿ ಜೀಪು ಬಂದೇಬಿಟ್ಟಿತು. ತಹಶೀಲ್ದಾರ್ ಯುವರಾಜ್ ಸಾಹೇಬರು ಇಳಿದರು, ಹಿಂದೊಬ್ಬ ಗುಮಾಸ್ತ. ಕಾಳಮ್ಮ ತಂಬಿಗೆ ಹಿಡಿದು ಮೇಲೆ ಹತ್ತಿ ಬಂದಳು.

“ನಮ್ಮಜ್ಜ ಇಟ್ಟಿದ್ದು ಸಾರ್,” ಎಂದರು ಷಡಕ್ಷರಪ್ಪ.

“ಇಕ್ಕೇರಿ ಕಾಲದ ವರಹ ಕಣ್ರೀ ಇದು. ನಿಮ್ಮಜ್ಜಂಗೆ ಎಷ್ಟ್ ನೂರು ವರ್ಷ?” ಸಾಹೇಬರು ಕುರ್ಚಿ ಎಳೆದುಕೊಂಡರು. “ನೆಲದಡಿ ಸಿಕ್ಕಿದ್ದು ಮೊದ್ಲು ಸರ್ಕಾರಿ ಖಜಾನೆಗೆ. ವಿಚಾರಣೆ ಆಗುತ್ತೆ. ಹಕ್ಕುದಾರರು ಯಾರೂ ಬರ್ಲಿಲ್ಲ ಅಂದ್ರೆ ಸಿಕ್ಕಿದವ್ರಿಗೆ ಮುಕ್ಕಾಲು, ಜಾಗದೋರಿಗೆ ಕಾಲು. ಸರ್ಕಾರಕ್ಕೇ ಬೇಕಾದ್ರೆ ಬೆಲೆ ಕೊಟ್ಟು ಇಟ್ಕೊಳ್ಳುತ್ತೆ.”

ಷಡಕ್ಷರಪ್ಪನವರು ಅಜ್ಜನನ್ನು ಅಲ್ಲೇ ಕೈಬಿಟ್ಟರು. “ಹಂಗಾದ್ರೆ ಸಿಕ್ಕಿದ್ದೂ ನಂಗೇ ಸಾರ್. ಅಗೆಸ್ದೋನು ನಾನಲ್ವಾ?”

ಕಾಳಮ್ಮ ತಂಬಿಗೆಯನ್ನು ಸಾಹೇಬರ ಮುಂದೆ ಕುಕ್ಕಿದಳು. ಮುಕ್ಕಾಲು ಎಂದರೆ ಅವಳಿಗೆ ಜನ್ನಾಪುರದಲ್ಲಿ ಬಾಡಿಗೆಯಿಲ್ಲದ ಒಂದು ಸೂರು.

“ಅಗೆದೋಳು ನಾನು ಸಾರ್. ಅಲ್ ನೋಡಿ ನನ್ ಸಾಕ್ಷಿಗುಡ್ಡೆ.”

ಅಗೆದ ಆಳ ಅಳೆದು ಕೂಲಿ ಲೆಕ್ಕ ಹಾಕಲೆಂದು ಗುಂಡಿಯ ನಡುವೆ ಕಡಿಯದೆ ಬಿಡುವ ಮಣ್ಣಿನ ದಿಬ್ಬ ಅದು. ಅವರವರ ಗುಡ್ಡೆಗೆ ಅವರವರ ಗುರುತು. ಕಾಳಮ್ಮನದರ ನೆತ್ತಿಗೆ ಒಡೆದ ಹಸಿರು ಬಳೆ. ತಂಬಿಗೆ ಸಿಕ್ಕಿದ್ದು ಅದರ ಬುಡದಲ್ಲೇ.

“ಯಾವ ಗುಡ್ಡೆ?” ಎನ್ನುತ್ತ ಷಡಕ್ಷರಪ್ಪನವರು ಮೇಸ್ತ್ರಿ ಉಜ್ಜನಪ್ಪನಿಗೆ ಕಣ್ಸನ್ನೆ ಮಾಡಿದರು. ಅವನು ಗುಂಡಿಗಿಳಿದು ನಾಲ್ಕೇಟಿಗೆ ದಿಬ್ಬವನ್ನು ನೆಲಸಮ ಮಾಡಿದ. ಅಷ್ಟು ಹೊತ್ತೂ ಸಾಹೇಬರು ಮೋಡ ನೋಡುತ್ತಿದ್ದರು.

“ಬೇಲೀನೇ ಎದ್ದು ಹೊಲ ಮೇಯ್ತಾ ಐತಲ್ಲೇ ಕಾಳಕ್ಕ!” ಎಂದಳು ಕರಿಬಸಮ್ಮ.

“ಬರ್ಕೊಳ್ರೀ,” ಎಂದರು ಸಾಹೇಬರು ಗುಮಾಸ್ತನಿಗೆ. “ಪಾಯ ತೋಡಿಸುವಾಗ ಜಾಗದ ಮಾಲೀಕರಿಗೆ ದೊರೆತ...”

“ನನ್ ಹೆಸ್ರು?”

“ಕೂಲಿಯೋರ ಹೆಸ್ರೆಲ್ಲ ಪಂಚನಾಮೆಗೆ ಬರಲ್ಲಮ್ಮ. ಹೋಗ್ ಕೆಲ್ಸ ನೋಡು.”

“ಥೂ! ಬೆವ್ರು ಸುರ್ಸೋಕೆ ನಾವು, ಸಿಕ್ಕೋಕೆ ಇವ್ರು. ನಿಮ್ ಕಾನೂನಿಗಿಷ್ಟು ಬೆಂಕಿ ಹಾಕ!” ಎಂದಳು ಕಾಳಮ್ಮ.

ಗುಮಾಸ್ತ ತಂಬಿಗೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೇಣದಬತ್ತಿಗೆ ಅರಗು ಹಿಡಿದು ಗಂಟಿನ ಮೇಲೆ ತೊಟ್ಟಿಕ್ಕಿಸಿದ. ಹಿತ್ತಾಳೆ ಮೊಹರಿಗಾಗಿ ಅವನು ಚೀಲಕ್ಕೆ ಕೈ ಹಾಕಿದ್ದೇ ತಡ, ಕಾಳಮ್ಮ ನುಗ್ಗಿ ಬಂದು ಕಾದ ಅರಗಿಗೆ ತನ್ನ ಹೆಬ್ಬೆರಳು ಒತ್ತಿದಳು. ಚುರ್ರೆಂದಿತು. ಕಣ್ಣಲ್ಲಿ ನೀರು ಬಂದರೂ ಬೆರಳು ತೆಗೆಯಲಿಲ್ಲ.

“ಲೇ ದರಿದ್ರದೋಳೇ, ಸರ್ಕಾರಿ ಸೀಲು ಅದು!” ಸಾಹೇಬರು ಕುರ್ಚಿಯಿಂದ ಎದ್ದರು. “ಕೆರೆದ್ ಹಾಕ್ರೀ ಅದನ್ನ!”

ಗುಮಾಸ್ತ ಚಾಕು ತೆಗೆದ. ಕರಿಬಸಮ್ಮ ಬುಟ್ಟಿ ಇಳಿಸಿ ಬಂದು ಗಂಟಿನ ಪಕ್ಕ ನಿಂತಳು. ಅವಳ ಹಿಂದೆ ಹಾರೆ, ಗುದ್ದಲಿ ಹಿಡಿದ ಆಳುಗಳು ಒಬ್ಬೊಬ್ಬರಾಗಿ ಬಂದು ನಿಂತರು. ಗುಮಾಸ್ತ ತನ್ನ ಚಾಕು ನೋಡಿಕೊಂಡ, ಹಾರೆಗಳನ್ನೂ ನೋಡಿದ, ಚಾಕು ಮಡಚಿ ಜೇಬಿಗೆ ಹಾಕಿದ.

“ಈಗ ಬರ್ಕಳಣ್ಣ,” ಎಂದಳು ಕಾಳಮ್ಮ, ಬೊಬ್ಬೆಯೆದ್ದ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ. “ಸಿಕ್ಕಿದ್ದು ಕಾಳಮ್ಮಂಗೆ. ಜನ್ನಾಪುರ, ಭದ್ರಾವತಿ.”