ಇಪ್ಪತ್ನಾಲ್ಕನೆಯ ಪೊಟ್ಟಣ

ನನ್ನ ಮೇಜಿನ ಮೇಲೆ ಶೇಂಗಾ ಚಟ್ನಿಪುಡಿಯ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಕೈಯಲ್ಲಿ ಬರೆದ ಚೀಟಿ, ಚೀಟಿಯ ಮೂಲೆಯಲ್ಲಿ ಪುಟ್ಟದೊಂದು ಒರಳಿನ ಚಿತ್ರ. ಒಂದೇ ವಾರದಲ್ಲಿ ಆ ಸಾಲನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ನೋಡಿದಾಗ ಹೆಮ್ಮೆಪಟ್ಟಿದ್ದೆ.

ಆಗ ನಾನು ಆ ಊರಿನ ಕಾಲೇಜಿನಲ್ಲಿ ವ್ಯಾಪಾರ ಆಡಳಿತ ಓದುವ ಹುಡುಗ ಹುಡುಗಿಯರಿಗೆ ಉದ್ಯಮಶೀಲತೆ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನಲು ಈಗಲೂ ಸಂಕೋಚವಾಗುತ್ತದೆ. ಜೀವಮಾನದಲ್ಲಿ ಒಂದು ಸೂಜಿಯನ್ನೂ ಮಾರಿದವಳಲ್ಲ ನಾನು. ತಿಂಗಳ ಸಂಬಳದ ನೆಮ್ಮದಿಯಲ್ಲಿ ಕೂತು, ನಷ್ಟಕ್ಕೆ ಹೆದರಬಾರದೆಂದು ಪರರ ಮಕ್ಕಳಿಗೆ ಹೇಳುತ್ತಿದ್ದೆ. ಒಂದು ದಿನ ದಾನೇಶ್ವರಿ ಎಂಬ ಹುಡುಗಿ ಎದ್ದು ನಿಂತು, "ಮೇಡಂ, ನೀವು ಯಾವಾಗರ ಏನರ ಮಾರೀರೇನ್ರಿ?" ಎಂದು ಕೇಳಿದಳು. ಕುಚೋದ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಇಲ್ಲವೆಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಮರುದಿನ ನೋಟ್ಸು ಮುಚ್ಚಿಟ್ಟು ತರಗತಿಯನ್ನು ಗುಂಪುಗಳಾಗಿ ಒಡೆದೆ. ಒಂದು ತಿಂಗಳು ಏನಾದರೊಂದನ್ನು ತಯಾರಿಸಿ ಊರಿನಲ್ಲಿ ಮಾರಬೇಕು. ಕೊಂಡವರು ಯಾರು, ಎಲ್ಲಿಯವರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ಬರೆಯುವ ಕೆಲಸಕ್ಕೆ ಎಲ್ಲರೂ ಗೊಣಗಿದರು. ದಾನೇಶ್ವರಿ, ಸಂಗನಬಸು ಮತ್ತಿಬ್ಬರ ಗುಂಪು ಚಟ್ನಿಪುಡಿ ಆರಿಸಿಕೊಂಡಿತು. ಮುಚ್ಚಿಹೋಗಿದ್ದ ಕ್ಯಾಂಟೀನಿನ ಅಡುಗೆಮನೆಯನ್ನು ಪ್ರಾಂಶುಪಾಲರನ್ನು ಕೇಳಿ ಕೊಡಿಸಿದೆ. ಅದರ ಒಂದು ಮೂಲೆಯ ಕಪಾಟಿನಲ್ಲಿ ಆಟದ ಸಾಮಾನುಗಳನ್ನು ತುಂಬಿಟ್ಟಿದ್ದರು. ಇರಲಿ ಬಿಡು ಎಂದುಕೊಂಡೆ.

ಮೂರು ವಾರಗಳಲ್ಲಿ ಪುಡಿ ಊರಿಗೆ ಹಿಡಿಸಿತು. ತಿಂಗಳ ಕೊನೆಗೆ ಕಾಲೇಜುಗಳ ನಡುವೆ ಸ್ಪರ್ಧೆಯಿತ್ತು, ಪ್ರಾಂಶುಪಾಲರು ನಮ್ಮ ಗುಂಪಿನ ಮೇಲೆ ಆಸೆ ಇಟ್ಟಿದ್ದರು. ನಾಲ್ಕನೆಯ ವಾರ ಮಾಡಿದ ಇಪ್ಪತ್ನಾಲ್ಕು ಪೊಟ್ಟಣಗಳನ್ನು ಮೊದಲು ನನ್ನ ಮೇಜಿಗೇ ತಂದು ಜೋಡಿಸಿ ತೋರಿಸಿದರು. ಸಂಜೆಯೊಳಗೆ ಎಲ್ಲವೂ ಮಾರಿಹೋದವು.

ಮರುದಿನ ಬೆಳಿಗ್ಗೆ ಕಚೇರಿಯ ಗುಮಾಸ್ತ ಪರಪ್ಪನವರು ಸಿಕ್ಕಿ, "ಮೇಡಂ, ನಿಮ್ಮ ಹುಡುಗ್ರು ಈ ಸಲ ಉಪ್ಪು ಹಾಕೂದು ಮರತಾರ ನೋಡ್ರಿ" ಎಂದರು. ನನಗೆ ಅಂದಿನ ಪಾಠ ಸಿಕ್ಕಿತು. ಗ್ರಾಹಕರ ದೂರನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಅರ್ಧ ಗಂಟೆ ಮಾತಾಡಿದೆ. ದಾನೇಶ್ವರಿ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಸಂಗನಬಸುವಿನ ಮುಖವನ್ನೇ ನೋಡುತ್ತಿದ್ದಳು.

ತರಗತಿ ಮುಗಿದ ಮೇಲೆ ಇಬ್ಬರೂ ನನ್ನ ಕೋಣೆಗೆ ಬಂದರು. ಅವಳ ಕೈಯಲ್ಲಿ ಒಂದು ಹಳೆಯ ಡಬ್ಬಿಯಿತ್ತು.

"ಉಪ್ಪು ಮರತಿಲ್ರಿ ಮೇಡಂ. ಅಳತಿ ಮಾಡಿ ಹಾಕೀವಿ. ನಮ್ಮ ಡಬ್ಬ್ಯಾಗಿಂದು ಮುಗದಿತ್ತು, ಇವ ಕಪಾಟಿನ್ಯಾಗಿಂದ ಈ ಡಬ್ಬಿ ತಂದುಕೊಟ್ಟ."

ಮುಚ್ಚಳ ತೆಗೆದೆ. ಬಿಳಿಯ ನುಣುಪು ಪುಡಿ. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪೌಡರ್ ಅದು, ಹೊಟ್ಟೆಗೆ ಹೋದರೆ ವಿಷ.

ಸಂಗನಬಸು ಗೋಡೆಗೆ ಒರಗಿ ನಿಂತಿದ್ದ. "ನಂದs ತಪ್ಪರಿ" ಎಂದ. ಆ ಆಟದ ಸಾಮಾನಿನ ಪಕ್ಕದಲ್ಲಿ ಒಲೆ ಹಚ್ಚಲು ಒಪ್ಪಿದವಳು ನಾನು. ಅದನ್ನು ಆಗ ಅವನಿಗೆ ಹೇಳುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ. ನನ್ನ ತಲೆಗೆ ಮೊದಲು ಬಂದದ್ದು ಸ್ಪರ್ಧೆ, ಪ್ರಾಂಶುಪಾಲರು, ನನ್ನ ನೌಕರಿ.

"ಕಾರಣ ಹೇಳೂದು ಬ್ಯಾಡ" ಎಂದೆ. "ಉಪ್ಪು ಕಡಿಮಿ ಆಗೇತಿ, ಬದಲಿ ಕೊಡತೀವಿ ಅಂತ ಹೇಳಿ ತಗೊಂಡು ಬರ್ರಿ."

ದಾನೇಶ್ವರಿ ಅಡ್ಡಡ್ಡ ತಲೆಯಾಡಿಸಿದಳು. "ಹಂಗಂದ್ರ ಯಾರೂ ಕೊಡೂದಿಲ್ರಿ ಮೇಡಂ. ಇರಲಿ ಬಿಡವಾ, ನಾವs ಉಪ್ಪು ಹಾಕ್ಕೋತೀವಿ ಅಂತಾರ. ಹಾಕ್ಕೊಂಡು ತಿಂತಾರ."

ಡಬ್ಬಿಯನ್ನು ಕೈಗೆತ್ತಿಕೊಂಡು ಎದ್ದೆ. ಮೊದಲು ಊರಿನ ವೈದ್ಯರ ಬಳಿಗೆ ಓಡಿದೆವು. ದೊಡ್ಡವರು ಒಂದೆರಡು ಚಮಚ ತಿಂದಿದ್ದರೆ ಹೆದರಬೇಕಿಲ್ಲ, ಎಳೆಯ ಮಕ್ಕಳು ತಿಂದಿದ್ದರೆ ಕೂಡಲೇ ಕರೆತನ್ನಿ ಎಂದರು. ಅಲ್ಲಿಂದ ಪುಸ್ತಕ ಹಿಡಿದು ಹೊರಟೆವು. ಮನೆಮನೆಯ ಬಾಗಿಲಲ್ಲೂ ದಾನೇಶ್ವರಿ ಒಂದೇ ಮಾತನ್ನು ಹೇಳಿದಳು: "ನಮ್ಮಿಂದ ತಪ್ಪಾಗೇತ್ರಿ. ಇದರಾಗ ಉಪ್ಪಿನ ಬದಲಿ ಬ್ಯಾರೆ ಪುಡಿ ಬಿದ್ದೈತಿ. ತಿನಬ್ಯಾಡ್ರಿ." ಕೆಲವರು ಬೈದರು. ಒಬ್ಬಾಕೆ ಪೊಟ್ಟಣವನ್ನು ಅವಳ ಕಾಲ ಬಳಿ ಎಸೆದಳು. ದಾನೇಶ್ವರಿ ಬಗ್ಗಿ ಎತ್ತಿಕೊಂಡು, ಮನೆಯಲ್ಲಿ ಯಾರು ಯಾರು ತಿಂದಿರಿ ಎಂದು ಕೇಳಿ ಬರೆದುಕೊಂಡಳು. ನಾನು ಅವಳ ಹಿಂದೆ ನಿಂತಿದ್ದೆ. ಪಾಠ ಹೇಳುವವರು ಯಾರು, ಕಲಿಯುವವರು ಯಾರು ಎಂಬುದು ಅಷ್ಟರಲ್ಲಿ ಅದಲುಬದಲಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಪೊಟ್ಟಣಗಳು ಮತ್ತೆ ನನ್ನ ಮೇಜಿನ ಮೇಲೆ ಸಾಲಾಗಿ ಕೂತವು. ಕೆಲವು ಒಡೆದಿದ್ದವು, ಕೆಲವು ಅರ್ಧವಾಗಿದ್ದವು. ಎಣಿಸಿದರೆ ಇಪ್ಪತ್ಮೂರು. ಪುಸ್ತಕದಲ್ಲಿ ಉಳಿದ ಒಂದರ ಮುಂದೆ ಹೆಸರಿರಲಿಲ್ಲ. "ಬಸ್ ನಿಲ್ದಾಣ, ಹೂವಿನ ಅಜ್ಜಿ, ಮೊಮ್ಮಗಳಿಗಂತ" ಎಂದಷ್ಟೇ ಬರೆದಿತ್ತು.

ಸಂಗನಬಸುವನ್ನು ವೈದ್ಯರ ಬಳಿ ಇರಲು ಕಳಿಸಿ ನಾವಿಬ್ಬರು ಬಸ್ ನಿಲ್ದಾಣಕ್ಕೆ ಹೋದೆವು. ಅಲ್ಲಿ ಮಲ್ಲಿಗೆ ಮಾರುತ್ತಿದ್ದ ಹೆಂಗಸು, "ಶಿವಗಂಗವ್ವನ್ನ ಕೇಳತೀರೇನು? ನಿನ್ನೆ ಸಂಜಿ ಮಗಳ ಊರಿಗೆ ಹೋದ್ಲಲ್ಲ" ಎಂದಳು. ಒಂದು ತಾಸಿನ ದಾರಿ. ಬಸ್ಸು ಹತ್ತಿದೆವು. ಮೊಮ್ಮಗಳಿಗೆ ಎಷ್ಟು ವಯಸ್ಸಿರಬಹುದು ಎಂದು ಇಬ್ಬರೂ ಯೋಚಿಸುತ್ತಿದ್ದೆವು, ಬಾಯಿ ಬಿಟ್ಟು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶಿವಗಂಗವ್ವ ಕಟ್ಟೆಯ ಮೇಲೆ ಕೂತು ದಾರಕ್ಕೆ ಹೂ ಕಟ್ಟುತ್ತಿದ್ದಳು. ಒಳಗೆ ಚಾಪೆಯ ಮೇಲೆ ಮೂರು ವರ್ಷದ ಮಗುವೊಂದು ಮಲಗಿತ್ತು.

ದಾನೇಶ್ವರಿ ಹೊಸಿಲಿಗೆ ಓಡಿದಳು. "ಅಮ್ಮಾರ, ಕೂಸು ಯಾಕ ಮಲಗೇತ್ರಿ? ಆರಾಮ ಇಲ್ಲೇನ್ರಿ?"

"ಆರಾಮಿಲ್ಲದs ಏನವಾ, ಮುಂಜಾನಿಂದ ಮನಿ ತುಂಬ ಕುಣದು ಸಾಕಾಗಿ ಮಲಗೇತಿ. ನೀವ್ಯಾರು?"

ವಿಷಯ ಹೇಳಿದೆವು. ಮುದುಕಿ ಕೈಯಲ್ಲಿದ್ದ ದಾರ ಬಿಟ್ಟಳು. ಎದ್ದು ಒಳಗೆ ಹೋಗಿ ಅಟ್ಟದಿಂದ ಪೊಟ್ಟಣ ತಂದಳು. ಬಾಯಿ ಬಿಚ್ಚಿತ್ತು, ಪುಡಿ ಹೆಚ್ಚುಕಡಿಮೆ ತುಂಬಿಯೇ ಇತ್ತು.

"ರೊಟ್ಟಿಗೆ ಚೂರು ಹಚ್ಚಿ ಕೊಟ್ಟಿದ್ದೆ. ಥೂ ಅಂತ ನನ್ನ ಮೈಮ್ಯಾಲೆ ಉಗುಳಿತು. ಸಪ್ಪಗೈತಿ, ನಾಳೆ ಉಪ್ಪು ಬೆರಸಿ ಕೊಡೂಣು ಅಂತ ಮ್ಯಾಲೆ ಇಟ್ಟೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಷ್ಟರಲ್ಲಿ ಮಗು ಎದ್ದು, ಕಣ್ಣುಜ್ಜಿಕೊಳ್ಳುತ್ತ ಬಂದು, ಹೂವಿನ ಬುಟ್ಟಿಗೆ ಕೈ ಹಾಕಿ ಅಜ್ಜಿಯಿಂದ ಬೈಸಿಕೊಂಡಿತು. ಅಂಥ ಸುಖದ ಬೈಗುಳವನ್ನು ನಾನು ಮತ್ತೆಂದೂ ಕೇಳಿಲ್ಲ.

"ಇದನ್ನ ಹೇಳಾಕ ಇಲ್ಲಿತನಕ ಬಂದ್ರೇನು?" ಎಂದು ಶಿವಗಂಗವ್ವ ನಮ್ಮಿಬ್ಬರನ್ನೂ ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ಒಳಗಿನಿಂದ ಮಜ್ಜಿಗೆ ತಂದಳು. "ಇನ್ನೊಮ್ಮೆ ಮಾಡಿದ್ರ ನನಗೊಂದು ಪೊಟ್ಟಣ ತಗದಿಡ್ರಿ."

"ಮತ್ತ ನಮ್ಮ ಹತ್ರ ತಗೋತೀರೇನ್ರಿ?" ದಾನೇಶ್ವರಿ ಕೇಳಿದಳು.

"ನಿಮ್ಮ ಹತ್ರನs ತಗೋಬೇಕವಾ."

ಸ್ಪರ್ಧೆಗೆ ನಾವು ಹೋಗಲಿಲ್ಲ. ಪ್ರಾಂಶುಪಾಲರು ಎರಡು ವಾರ ನನ್ನೊಡನೆ ಮಾತು ಬಿಟ್ಟರು, ಆಮೇಲೆ ತಾವೇ ಶುರುಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಸಂಗನಬಸುವಿಗೆ ನಾನು ಹೇಳಬೇಕಾಗಿದ್ದ ಮಾತನ್ನು ತಡವಾಗಿಯಾದರೂ ಇಡೀ ತರಗತಿಯ ಮುಂದೆಯೇ ಹೇಳಿದೆ.

ಆದರೆ ಆ ದಿನವೆಂದರೆ ನನಗೆ ನೆನಪಾಗುವುದು ಹಿಂತಿರುಗಿ ಬಂದ ಬಸ್ಸು. ಹೊತ್ತು ಮುಳುಗುತ್ತಿತ್ತು. ದಾನೇಶ್ವರಿ ಕಿಟಕಿಯ ಪಕ್ಕ ಕೂತು, ಊರು ದಾಟುವ ಮೊದಲೇ ನಿದ್ದೆ ಹೋದಳು. ರಸ್ತೆ ಕೆಟ್ಟದಾಗಿತ್ತು. ಬಸ್ಸು ಕುಲುಕಿದಾಗಲೆಲ್ಲ ಅವಳ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಸರಳಿಗೂ ತಲೆಗೂ ನಡುವೆ ನನ್ನ ಅಂಗೈ ಇಟ್ಟೆ. ಊರು ಬರುವವರೆಗೂ ತೆಗೆಯಲಿಲ್ಲ.